ಲೋಳೆಸರ ಕುಡೀರಿ ಅನ್ನೋರು ಹಳದಿ ರಸದ ಬಗ್ಗೇನೂ ಎರಡು ಸಾಲು ಬರೀಲಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಭಾನುವಾರದ ಪುರವಣಿಯ ಮನೆಮದ್ದಿನ ಮೂಲೇಲಿ ಲೋಳೆಸರದ ಬಗ್ಗೆ ಬಂದಿತ್ತಲ್ಲ, ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಎಲೆ ಕಿತ್ತು ಮಿಕ್ಸಿಗೆ ಹಾಕಿ ಕುಡಿದ್ರೆ ಮಲಬದ್ಧತೆ, ಗ್ಯಾಸು, ಆಸಿಡಿಟಿ, ಅಲ್ಸರು ಎಲ್ಲಾ ಮಾಯ ಅಂತ, ಅದನ್ನ ಓದಿ ಈ ಪತ್ರ ಬರೀತಿದೀನಿ. ನಾನು ಡಾಕ್ಟರಲ್ಲ, ಫಾರ್ಮಸಿ ಓದಿ ಮುಂಬಯಿ ಹತ್ರದ ಡೊಂಬಿವಲಿಯಲ್ಲಿ ಮೆಡಿಕಲ್ ಅಂಗಡಿ ಇಟ್ಕೊಂಡಿರೋನು. ಆ ಪುಟ ಬಂದ ಮೇಲೆ ಅದನ್ನ ಕತ್ತರಿಸಿ ತಂದು ನನ್ನ ಕೌಂಟರ್ ಮೇಲಿಟ್ಟು "ಇದರ ಬಾಟ್ಲಿ ಇದ್ಯಾ, ಇಲ್ಲಾ ಮನೇಲೇ ಮಾಡ್ಕೊಳ್ಳೋದಾ" ಅಂತ ಕೇಳಿದೋರಿದ್ದಾರೆ. ನಮ್ಮ ಮುಂಬಯಿ ಕನ್ನಡಿಗರು ವಾಟ್ಸಾಪಲ್ಲಿ ಬಂದದ್ದನ್ನ ಸ್ವಲ್ಪ ಅನುಮಾನದಿಂದ ನೋಡ್ತಾರೆ, ಆದ್ರೆ ಕನ್ನಡ ಪೇಪರಲ್ಲಿ ಅಚ್ಚಾಗಿದ್ದಕ್ಕೆ ಇನ್ನೂ ಬೆಲೆ ಇದೆ, ಹಿರಿಯರು ಅದನ್ನ ಫೈಲ್ ಮಾಡಿ ಇಡ್ತಾರೆ. ಅದಕ್ಕೇ ಇದನ್ನ ನಿಮಗೇ ಹೇಳಬೇಕು ಅನ್ನಿಸ್ತು.

ಮೊದಲೇ ಹೇಳಿಬಿಡ್ತೀನಿ, ನಾನೂ ಈ ಜ್ಯೂಸ್ ಮಾರ್ತೀನಿ. ಬಾಟ್ಲಿ ಕಪಾಟಲ್ಲಿ ಮುಂದಿನ ಸಾಲಲ್ಲೇ ಇದೆ, ಒಳ್ಳೆ ಮಾರ್ಜಿನ್ನೂ ಇದೆ. ಹಂಗಾಗಿ ಲೋಳೆಸರದ ಮೇಲೆ ನನಗೇನೂ ದ್ವೇಷ ಇಲ್ಲ. ನನ್ನ ತಕರಾರು ಇರೋದು "ಎಲೆ ಕಿತ್ತು ಮಿಕ್ಸಿಗೆ ಹಾಕಿ" ಅನ್ನೋ ಆ ಒಂದು ಮಾತಿನ ಮೇಲೆ.

ಎಲೆಯನ್ನ ಅಡ್ಡ ಕೊಯ್ದು ನೋಡಿ. ಹೊರಗೆ ದಪ್ಪ ಹಸಿರು ಸಿಪ್ಪೆ. ನಡುವೆ ಎಳನೀರಿನ ಗಂಜಿ ಥರ ತಿಳಿ ಲೋಳೆ. ಇವೆರಡರ ಮಧ್ಯೆ, ಸಿಪ್ಪೆಯ ಒಳಮೈಗೆ ಅಂಟಿಕೊಂಡು ಸಣ್ಣ ಸಣ್ಣ ನಾಳಗಳಿರ್ತವೆ, ಅದರಿಂದ ಹಳದಿ ಬಣ್ಣದ ಕಹಿ ರಸ ತೊಟ್ಟಿಕ್ಕುತ್ತೆ. ಕೈಗೆ ಬಟ್ಟೆಗೆ ತಾಗಿದ್ರೆ ಕಲೆ ಬೀಳುತ್ತೆ, ನಾಲಿಗೆಗೆ ತಾಗಿದ್ರೆ ಮುಖ ಕಿವುಚ್ಕೋತೀರಿ. ಒಳಗಿನ ಲೋಳೆ ಹೆಚ್ಚುಕಮ್ಮಿ 99 ಪರ್ಸೆಂಟ್ ನೀರೇ, ಉಳಿದದ್ದು ಅಸಿಮ್ಯಾನನ್ ಅನ್ನೋಂಥ ಉದ್ದ ಸಕ್ಕರೆ ಸರಪಳಿಗಳು, ಒಂಚೂರು ಖನಿಜ, ಅಷ್ಟೇ. ಹೊಟ್ಟೆಗೆ ದೊಡ್ಡ ಕೆಡುಕು ಮಾಡೋಂಥದ್ದು ಅದ್ರಲ್ಲಿಲ್ಲ. ಹಳದಿ ರಸದ ಕಥೆ ಬೇರೆ, ಅದ್ರಲ್ಲಿ ಅಲೋಯಿನ್ ಅಂತ ಒಂದು ವಸ್ತು ಇದೆ, ಸೋನಾಮುಖಿ ಎಲೆಯಲ್ಲಿರೋದರ ಜಾತಿಗೇ ಸೇರಿದ್ದು, ಭೇದಿ ಮದ್ದು. ಒಂದೇ ಎಲೆಯಲ್ಲಿ ಎರಡು ಬೇರೆ ಬೇರೆ ವಸ್ತು ಇವೆ, ನೀವು ಇಡೀ ಎಲೆ ಅರೆದ್ರೆ ಎರಡನ್ನೂ ಕುಡಿದಂಗೆ, ಇದು ನಿಮ್ಮ ಲೇಖನದಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಅಲೋಯಿನ್ ಕೆಲಸ ಮಾಡೋ ರೀತಿ ಗೊತ್ತಾದ್ರೆ ಜನ ಯಾಕೆ ಇದಕ್ಕೆ ಮರುಳಾಗ್ತಾರೆ ಅನ್ನೋದೂ ಗೊತ್ತಾಗುತ್ತೆ. ಅದು ಜಠರದಲ್ಲಿ, ಸಣ್ಣ ಕರುಳಲ್ಲಿ ಹೆಚ್ಚೇನೂ ಮಾಡದೆ ಹಾಗೇ ಕೆಳಗಿಳಿಯುತ್ತೆ, ದೊಡ್ಡ ಕರುಳಿಗೆ ಹೋದಾಗ ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಒಡೆದು ಚುರುಕಾದ ರೂಪಕ್ಕೆ ತರ್ತವೆ, ಆಮೇಲೆ ಕರುಳಿನ ಗೋಡೆ ನೀರು ಹೀರ್ಕೊಳ್ಳೋದನ್ನ ಬಿಟ್ಟು ನೀರನ್ನ ಒಳಕ್ಕೆ ಬಿಡೋಕೆ ಶುರು ಮಾಡುತ್ತೆ, ಜೊತೆಗೆ ಕರುಳು ಜೋರಾಗಿ ಹಿಂಡುತ್ತೆ. ಇಷ್ಟಕ್ಕೆ 6ರಿಂದ 12 ಗಂಟೆ ಬೇಕು. ಅಂದ್ರೆ ರಾತ್ರಿ ಕುಡಿದ್ರೆ ಬೆಳಿಗ್ಗೆ "ಕ್ಲಿಯರ್". ಹೊಟ್ಟೆ ಹಗುರ ಆಯ್ತು, ದೇಹ ಶುದ್ಧ ಆಯ್ತು, ಟಾಕ್ಸಿನ್ ಹೋಯ್ತು ಅಂತಾರೆ. ಯಾವ ಟಾಕ್ಸಿನ್ನು ಅಂತ ಕೇಳಿದ್ರೆ ಹೆಸರು ಹೇಳೋರಿಲ್ಲ. ಹೋದದ್ದು ನೀರು, ಮತ್ತೆ ನೀರಿನ ಜೊತೆ ಪೊಟ್ಯಾಸಿಯಂ.

ಈ ಪೊಟ್ಯಾಸಿಯಂ ವಿಷಯಕ್ಕೇ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕಂದ್ರೆ ಅಂಗಡೀಲಿ ಕೂತವನಿಗೆ ದಿನಾ ಕಾಣೋದು ಇದೇ. ನಮ್ಮ ಕಡೆಯ ಹಿರಿಯರಲ್ಲಿ ಬಹಳ ಜನ ಬಿಪಿಗೆ ನೀರಿನ ಮಾತ್ರೆ ತಗೋತಾರೆ, ಹೈಡ್ರೋಕ್ಲೋರೋಥಯಾಜೈಡ್ ಇರೋದು, ಕಾಲು ಊತ ಇದ್ರೆ ಫ್ರುಸೆಮೈಡ್. ಈ ಮಾತ್ರೆಗಳೂ ಮೂತ್ರದಲ್ಲಿ ಪೊಟ್ಯಾಸಿಯಂ ಕಳೀತವೆ. ಅದರ ಮೇಲೆ ದಿನಾ ಭೇದಿ ಆಗೋಂಥದ್ದು ಕುಡಿದ್ರೆ ಎರಡೂ ಕಡೆಯಿಂದ ಸೋರಿಕೆ. ನಮ್ಮ ಬಿಲ್ಡಿಂಗಿನ ಒಬ್ಬ ಅಜ್ಜನಿಗೆ ಇದೇ ಆಯ್ತು, ಬಾಲ್ಕನಿ ಕುಂಡದ ಲೋಳೆಸರವನ್ನ ಸಿಪ್ಪೆ ಸಮೇತ ಅರೆದು ಕುಡೀತಿದ್ರು, ಕಾಲಲ್ಲಿ ಶಕ್ತಿ ಇಲ್ಲ, ಮೆಟ್ಟಿಲು ಹತ್ತೋಕಾಗಲ್ಲ, ಎದೆ ಡವಡವ. ವಯಸ್ಸಾಯ್ತು ಅಂದ್ಕೊಂಡ್ರು. ಕೊನೆಗೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಪೊಟ್ಯಾಸಿಯಂ ತಳ ಹಿಡಿದಿತ್ತು. ಡಾಕ್ಟರು ಯಾವ್ಯಾವ ಮಾತ್ರೆ ತಗೋತೀರಿ ಅಂತ ಕೇಳಿದ್ರಂತೆ, ಅಜ್ಜ ಎಲ್ಲಾ ಪಟ್ಟಿ ಕೊಟ್ರು, ಲೋಳೆಸರ ಹೇಳ್ಲೇ ಇಲ್ಲ. ಅದು ಅವರ ಲೆಕ್ಕದಲ್ಲಿ ಮದ್ದೇ ಅಲ್ವಲ್ಲ, ಗಿಡ. ಮಗಳು ಬಂದು ಹೇಳಿದ ಮೇಲೆ ಗೊತ್ತಾಯ್ತು. ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳೋರಿಗಂತೂ ಇದು ಇನ್ನೂ ಅಪಾಯ, ಪೊಟ್ಯಾಸಿಯಂ ಇಳಿದ್ರೆ ಆ ಮಾತ್ರೆ ವಿಷದ ಥರ ಕೆಲಸ ಮಾಡೋಕೆ ಶುರು ಮಾಡುತ್ತೆ, ಹೃದಯದ ಬಡಿತ ತಪ್ಪುತ್ತೆ.

ಸಕ್ಕರೆ ಕಾಯಿಲೆಯವರ ಮಾತೂ ಇದೆ. ಲೋಳೆಸರ ಬಾಯಲ್ಲಿ ತಗೊಂಡ್ರೆ ರಕ್ತದ ಸಕ್ಕರೆ ಸ್ವಲ್ಪ ಇಳೀಬಹುದು ಅಂತ ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಒಳ್ಳೇದೇ ಅಲ್ವಾ ಅಂತೀರಿ. ಗ್ಲಿಮೆಪಿರೈಡ್ ಅನ್ನೋ ಸಕ್ಕರೆ ಮಾತ್ರೆ ತಗೊಂಡು, ಖಾಲಿ ಹೊಟ್ಟೇಲಿ ಇದನ್ನ ಕುಡಿದು, ಆಮೇಲೆ ಒಂದು ಗಂಟೆ ವಾಕಿಂಗ್ ಹೋಗಿ, ನಾಷ್ಟಾ ತಡ ಮಾಡೋ ಮನುಷ್ಯನಿಗೆ ತಲೆ ಸುತ್ತಿ ಬಿದ್ರೆ ಅದು ಒಳ್ಳೇದಾ?

ಈಗ ನಿಮ್ಮ ಲೇಖನದಲ್ಲಿ ಬರೆದಿದ್ದ ಕಾಯಿಲೆಗಳಿಗೆ ಬರ್ತೀನಿ. ಅದರಲ್ಲಿ ಒಂದಿಷ್ಟು ನಿಜದ ಬೇರು ಇಲ್ಲ ಅಂತಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಅಲ್ಸರೇಟಿವ್ ಕೊಲೈಟಿಸ್, ಅಂದ್ರೆ ದೊಡ್ಡ ಕರುಳಲ್ಲಿ ಹುಣ್ಣಾಗಿ ರಕ್ತ ಹೋಗೋ ಕಾಯಿಲೆ ಇದ್ದ 44 ಜನರ ಮೇಲೆ ಒಂದು ಪ್ರಯೋಗ ಆಗಿತ್ತು. 30 ಜನಕ್ಕೆ ಲೋಳೆಸರದ ಜೆಲ್, 100 ಮಿಲಿ ದಿನಕ್ಕೆ ಎರಡು ಸಲ, ನಾಲ್ಕು ವಾರ. ಉಳಿದ 14 ಜನಕ್ಕೆ ನೋಡೋಕೆ ಅದೇ ಥರ ಇರೋ ಬರೀ ದ್ರಾವಣ. ಜೆಲ್ ಕುಡಿದೋರಲ್ಲಿ 14 ಜನಕ್ಕೆ ಗುಣ ಕಂಡಿತು, ಇನ್ನೊಂದು ಗುಂಪಲ್ಲಿ 2 ಜನಕ್ಕೆ. ಪೂರ್ತಿ ಕಾಯಿಲೆ ತಣ್ಣಗಾದದ್ದು 9 ಜನಕ್ಕೆ, ಅಲ್ಲಿ 1. ಇದು ಆಸೆ ಹುಟ್ಟಿಸೋ ಲೆಕ್ಕವೇ, ಆದ್ರೆ 44 ಜನ ಅಂದ್ರೆ ನಮ್ಮ ಒಂದು ಸೊಸೈಟಿಯ ಗಣಪತಿ ಕಮಿಟಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಆ ಪೂರ್ತಿ ಗುಣದ ಅಂಕಿಯಂತೂ ಅದೃಷ್ಟದಿಂದಲೂ ಬಂದಿರಬಹುದು ಅಂತ ಅವರ ಲೆಕ್ಕವೇ ಹೇಳ್ತಿತ್ತು. ಮತ್ತೆ ಗಮನಿಸಿ, ಅವರು ಕೊಟ್ಟದ್ದು ಜೆಲ್, ಇಡೀ ಎಲೆ ಅಲ್ಲ, ಕಾಯಿಲೆಯೂ ಡಾಕ್ಟರ್ ನೋಡಿ ಖಚಿತ ಮಾಡಿದ್ದ ಕಾಯಿಲೆ.

ಅದೇ ದೇಶದಲ್ಲಿ 2006ರಲ್ಲಿ ಐಬಿಎಸ್ ಇರೋ 58 ಜನಕ್ಕೆ ಕೊಟ್ಟು ನೋಡಿದ್ರು. ಐಬಿಎಸ್ ಅಂದ್ರೆ ಟೆಸ್ಟಲ್ಲಿ ಏನೂ ಸಿಗಲ್ಲ ಆದ್ರೆ ಹೊಟ್ಟೆ ನೋವು, ಉಬ್ಬರ, ಒಂದಿನ ಮಲಬದ್ಧತೆ ಒಂದಿನ ಭೇದಿ, ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ತಮಗೆ ಇದೇ ಇದೆ ಅಂತಾರೆ. ಆ ಪ್ರಯೋಗದಲ್ಲಿ ಒಂದು ತಿಂಗಳಾದ ಮೇಲೆ ಎರಡೂ ಗುಂಪಿನ ನಡುವೆ ನಂಬೋಂಥ ವ್ಯತ್ಯಾಸ ಸಿಗಲಿಲ್ಲ. 2018ರಲ್ಲಿ ಇಂಥ ಮೂರು ಪ್ರಯೋಗ ಸೇರಿಸಿ 151 ಜನರ ಲೆಕ್ಕ ಹಾಕಿದಾಗ ಸ್ವಲ್ಪ ಅನುಕೂಲ ಕಂಡಿತು ಅಂತ ಬಂತು. ಎದೆಯುರಿಗೆ ಅಂದ್ರೆ 2015ರ ಇರಾನಿನದ್ದೊಂದು ಇದೆ, 79 ಜನ, ಒಂದು ಗುಂಪಿಗೆ ದಿನಕ್ಕೆ 10 ಮಿಲಿ ಲೋಳೆಸರದ ಸಿರಪ್, ಒಂದಕ್ಕೆ ಒಮೆಪ್ರಝೋಲ್, ಒಂದಕ್ಕೆ ರಾನಿಟಿಡಿನ್, ಇವೆರಡೂ ಆಸಿಡ್ ಕಮ್ಮಿ ಮಾಡೋ ಮಾತ್ರೆ. ಸಿರಪ್ ಕುಡಿದೋರಿಗೂ ಎದೆಯುರಿ, ಹುಳಿತೇಗು ಕಮ್ಮಿ ಆಯ್ತು. ಆದ್ರೆ ಏನೂ ಇಲ್ಲದ ಬರೀ ಸಿಹಿ ಸಿರಪ್ ಕುಡಿದ ಗುಂಪು ಅಲ್ಲಿರಲಿಲ್ಲ, ಹೊಟ್ಟೆ ಕಾಯಿಲೆಯಲ್ಲಿ ಅದು ಇಲ್ಲದಿದ್ರೆ ಲೆಕ್ಕ ಪೂರ್ತಿ ಆಗಲ್ಲ, ಯಾಕಂದ್ರೆ ಮದ್ದು ತಗೊಂಡೆ ಅನ್ನೋ ಸಮಾಧಾನಕ್ಕೇ ಹೊಟ್ಟೆ ಅರ್ಧ ಸರಿ ಆಗೋದು ಎಲ್ಲರಿಗೂ ಗೊತ್ತಿರೋದೇ. ಹತ್ತು ಮಿಲಿ ಅಂದ್ರೆ ಎರಡು ಟೀ ಚಮಚ ಅನ್ನೋದನ್ನೂ ನೋಡಿ, ಇಲ್ಲಿ ಜನ ಗ್ಲಾಸುಗಟ್ಟಲೆ ಎತ್ತುತ್ತಾರೆ.

ಹಂಗಾಗಿ ಒಳಗಿನ ತಿಳಿ ಜೆಲ್ಲು ಕೆಲವರಿಗೆ ಸ್ವಲ್ಪ ಆರಾಮ ಕೊಡಬಹುದು, ಗ್ಯಾರಂಟಿ ಇಲ್ಲ. ಇಷ್ಟು ಬರೆದಿದ್ರೆ ನನಗೆ ಪತ್ರ ಬರೆಯೋ ಕೆಲಸವೇ ಇರ್ತಿರಲಿಲ್ಲ.

ಹಳದಿ ರಸದ ವಿಷಯದಲ್ಲಿ ಮಾತ್ರ ಪ್ರಪಂಚ ಬಹಳ ಮುಂದೆ ಹೋಗಿದೆ. ಅದನ್ನ ಒಣಗಿಸಿ ಮಾಡಿದ ಕಪ್ಪು ಗಟ್ಟಿಯನ್ನ, ನಮ್ಮಲ್ಲಿ ಕರಿಬೋಳ ಅಂತಾರೆ, ಇಲ್ಲಿ ಮರಾಠಿಯವರು ಕಾಳಾಬೋಳ ಅಂತಾರೆ, ಅಮೆರಿಕದಲ್ಲೂ ಮೊದಲು ಭೇದಿ ಮಾತ್ರೆಯಲ್ಲಿ ಹಾಕ್ತಿದ್ರು, ಚೀಟಿ ಇಲ್ಲದೆ ಸಿಗ್ತಿತ್ತು. 2002ರಲ್ಲಿ ಅಲ್ಲಿಯ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದು ಸುರಕ್ಷಿತ ಅನ್ನೋದಕ್ಕೆ ಕಂಪನಿಗಳು ಬೇಕಾದ ದಾಖಲೆ ಕೊಡಲಿಲ್ಲ ಅಂತ ಅಂಥ ಮಾತ್ರೆಗಳಿಂದ ತೆಗೆಸಿಬಿಟ್ಟಿತು. ಆಮೇಲೆ ಅಲ್ಲಿಯದೇ ಸರ್ಕಾರಿ ಸಂಸ್ಥೆ ಇಲಿಗಳಿಗೆ ಎರಡು ವರ್ಷ ಕುಡಿಯೋ ನೀರಲ್ಲಿ ಇಡೀ ಎಲೆಯ ಸಾರ, ಅಂದ್ರೆ ಹಳದಿ ತೆಗೆಯದ್ದು, ಬೆರೆಸಿ ಕೊಟ್ಟು ನೋಡಿದಾಗ ದೊಡ್ಡ ಕರುಳಲ್ಲಿ ಗಡ್ಡೆಗಳು ಕಂಡವು. ಚಿಕ್ಕ ಜಾತಿಯ ಸುಂಡಿಲಿಗಳಲ್ಲಿ ಕಾಣಲಿಲ್ಲ. ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇಡೀ ಎಲೆಯ ಸಾರವನ್ನ "ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದದ್ದು" ಅನ್ನೋ 2ಬಿ ಗುಂಪಿಗೆ ಸೇರಿಸಿತು. ಇದನ್ನ ಕೇಳಿ ಗಾಬರಿ ಬೀಳೋದೂ ಬೇಡ, ಅದೇ ಗುಂಪಲ್ಲಿ ಏಷ್ಯಾದ ಕೆಲವು ಸಾಂಪ್ರದಾಯಿಕ ಉಪ್ಪಿನ ತರಕಾರಿಗಳೂ ಇವೆ, ಇಲಿಯಲ್ಲಿ ಆದದ್ದೆಲ್ಲ ಮನುಷ್ಯರಲ್ಲಿ ಆಗುತ್ತೆ ಅಂತ ಅರ್ಥ ಅಲ್ಲ. ಆದ್ರೆ ಹೊಟ್ಟೆ ಸಾಫ್ ಅಂತ ವರ್ಷಗಟ್ಟಲೆ ಕುಡಿಯೋ ವಸ್ತುವಿನ ಬಗ್ಗೆ ಇಷ್ಟಾದ್ರೂ ಗೊತ್ತಿರಬೇಕಲ್ವಾ? ಕರಿಬೋಳ ದಿನಕ್ಕೆ ಒಂದು ಗ್ರಾಂನಂತೆ ಕೆಲವು ದಿನ ತಗೊಂಡ್ರೆ ಕಿಡ್ನಿ ಕೆಟ್ಟು ಪ್ರಾಣವೇ ಹೋಗಬಹುದು ಅಂತ ವೈದ್ಯಕೀಯ ಎಚ್ಚರಿಕೆ ಇದೆ. ಒಂದು ಗ್ರಾಂ ಅಂದ್ರೆ ಎಷ್ಟು, ಚಿಟಿಕೆ. ಲೋಳೆಸರದ ಮಾತ್ರೆ, ಜ್ಯೂಸು ತಿಂಗಳುಗಟ್ಟಲೆ ತಗೊಂಡ ಕೆಲವರಿಗೆ ಲಿವರ್ ಊತ ಬಂದು ನಿಲ್ಲಿಸಿದ ಮೇಲೆ ಸರಿಯಾದ ವರದಿಗಳೂ ಬೇರೆ ಬೇರೆ ದೇಶಗಳಿಂದ ಬಂದಿವೆ.

ಆಯುರ್ವೇದದಲ್ಲಿ ಹಿಂದಿನಿಂದಲೂ ಇದೆಯಲ್ಲ ಅಂತ ಈಗ ಯಾರಾದ್ರೂ ಬರೀತಾರೆ, ಗೊತ್ತು. ಇದೆ. ಕುಮಾರಿ ಅಂತಲೇ ಹೆಸರು, ಅದರಿಂದ ಮಾಡಿದ ಕುಮಾರ್ಯಾಸವ ನನ್ನ ಅಂಗಡಿಯಲ್ಲೂ ಇದೆ, ವೈದ್ಯರು ಅದನ್ನ ಊಟ ಆದ ಮೇಲೆ ಅಷ್ಟೇ ನೀರು ಬೆರೆಸಿ ಇಷ್ಟೇ ಅಳತೆ ಅಂತ ಕೊಡ್ತಾರೆ, ಬಸುರಿಗೆ ಬೇಡ ಅಂತಾರೆ. ಖಾಲಿ ಹೊಟ್ಟೆಗೆ ಮಿಕ್ಸಿ ತುಂಬಾ ಅಂತ ಯಾವ ವೈದ್ಯರು ಹೇಳಿದ್ರು? ಒಣಗಿಸಿದ ಹಳದಿ ರಸ, ಅವರು ಕನ್ಯಾಸಾರ ಅಂತಾರೆ, ಅದು ರಜಃಪ್ರವರ್ತಿನೀ ವಟಿಯಲ್ಲಿ ಬೀಳುತ್ತೆ, ಮುಟ್ಟು ನಿಂತದ್ದನ್ನ ತರಿಸೋ ಮಾತ್ರೆ ಅದು. ಅಂದ್ರೆ ಇದು ಗರ್ಭಕೋಶದ ಮೇಲೆ ಕೆಲಸ ಮಾಡುತ್ತೆ ಅಂತ ನಮ್ಮ ಹಳಬರಿಗೆ ಚೆನ್ನಾಗಿ ಗೊತ್ತಿತ್ತು, ಅಂಥದ್ದನ್ನ ಈಗ "ಗರ್ಭಿಣಿಯರಿಗೆ ಮಲಬದ್ಧತೆ ಇದ್ರೆ ಒಳ್ಳೇದು" ಅಂತ ಹೇಳೋರು ಪರಂಪರೆಯ ಹೆಸರು ಹೇಳೋದು ವಿಚಿತ್ರ. ಬಸುರಿಯರು, ಹಾಲು ಕುಡಿಸೋ ತಾಯಂದಿರು, 12 ವರ್ಷದ ಒಳಗಿನ ಮಕ್ಕಳು ಹಳದಿ ರಸದ ತಂಟೆಗೇ ಹೋಗಬಾರದು. ವರ್ಳಿಯ ಪೋದ್ದಾರ್ ಆಯುರ್ವೇದ ಕಾಲೇಜಿನ ಆಸ್ಪತ್ರೆ ಇಲ್ಲೇ ಇದೆ, ಆಯುರ್ವೇದವೇ ಬೇಕು ಅನ್ನೋರು ಅಂಥ ಕಡೆ ಹೋಗಿ ತೋರಿಸಿಕೊಂಡು ತಗೊಳ್ಳಲಿ, ಯಾರು ಬೇಡ ಅಂದ್ರು.

ಬೆಳಿಗ್ಗೆಯ ಜ್ಯೂಸ್ ಮಾರೋರದ್ದೂ ಒಂದು ಮಾತು. ಮಾಟುಂಗಾದ ಫೈವ್ ಗಾರ್ಡನ್ಸ್, ದಾದರಿನ ಶಿವಾಜಿ ಪಾರ್ಕು, ಠಾಣೆಯ ತಲಾವ್ ಪಾಳಿ, ಇಂಥ ವಾಕಿಂಗ್ ಜಾಗಗಳ ಹತ್ರ ಬೆಳಿಗ್ಗೆ ಸ್ಟೀಲ್ ಡಬ್ಬಗಳಲ್ಲಿ ಹಾಗಲಕಾಯಿ, ಸೋರೆಕಾಯಿ, ನೆಲ್ಲಿ, ಗೋಧಿ ಹುಲ್ಲು, ಕೋರಫಡ ಅಂದ್ರೆ ಲೋಳೆಸರ, ಎಲ್ಲಾ ರಸ ಇಟ್ಕೊಂಡು ನಿಂತಿರ್ತಾರೆ. ಬಡಪಾಯಿಗಳು, ರಾತ್ರಿ ಎರಡಕ್ಕೆ ಎದ್ದು ಮಾಡಿ ತರ್ತಾರೆ, ಅವರ ಹೊಟ್ಟೆಪಾಡಿನ ಮೇಲೆ ಕಲ್ಲು ಹಾಕೋಕೆ ನನಗಿಷ್ಟ ಇಲ್ಲ. ಆದ್ರೆ "ಮಿಕ್ಸ್" ಅಂತ ಎಲ್ಲಾ ಸೇರಿಸಿ ಕುಡಿಯೋ ಫ್ಯಾಷನ್ ಇದೆಯಲ್ಲ, ಅದರಲ್ಲಿ ಯಾವುದರ ಕಹಿ ಯಾವುದು ಅಂತ ನಾಲಿಗೆಗೆ ಗೊತ್ತಾಗಲ್ಲ. ಲೋಳೆಸರದ ಹಳದಿ ಉಳಿದಿದೆ ಅಂತ ಹೇಳೋ ಒಂದೇ ಗುರುತು ಕಹಿ, ಅದನ್ನ ಹಾಗಲಕಾಯಿ ಮುಚ್ಚಿಬಿಡುತ್ತೆ. 2010ರಲ್ಲಿ ದಿಲ್ಲಿಯಲ್ಲಿ ಒಬ್ಬ ವಿಜ್ಞಾನಿ ಸೋರೆಕಾಯಿ ರಸ ಕುಡಿದು ತೀರಿಕೊಂಡಿದ್ದು ನೆನಪಿರಬಹುದು, ಆಮೇಲೆ ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ಕಮಿಟಿ ಕೂತು ಹೇಳಿದ್ದೇನು, ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿ ಇದ್ರೆ ಬಿಸಾಡಿ, ಬೇರೆ ರಸದ ಜೊತೆ ಬೆರೆಸಬೇಡಿ ಅಂತ. ಸೋರೆಕಾಯಿಯ ವಿಷ ಬೇರೆ, ಲೋಳೆಸರದ್ದು ಬೇರೆ, ಆದ್ರೆ ಆ ಬುದ್ಧಿಮಾತು ಇಲ್ಲಿಗೂ ಸರಿಯಾಗಿ ಕೂರುತ್ತೆ.

ಕುಂಡದ ಗಿಡದಿಂದ ತೆಗೆಯಲೇಬೇಕು ಅನ್ನೋರಿಗೆ, ಬುಡದ ಬಲಿತ ಎಲೆ ಕೊಯ್ದು, ಕೊಯ್ದ ತುದಿ ಕೆಳಗೆ ಮಾಡಿ ಒಂದು ಲೋಟದಲ್ಲಿ ಓರೆಯಾಗಿ ನಿಲ್ಲಿಸಿ ಸ್ವಲ್ಪ ಹೊತ್ತು ಬಿಡಿ, ಹಳದಿ ಇಳಿಯೋದು ಕಣ್ಣಿಗೇ ಕಾಣುತ್ತೆ, ಆಮೇಲೆ ತೊಳೆದು ಎರಡೂ ಅಂಚಿನ ಮುಳ್ಳು ತೆಗೆದು ಸಿಪ್ಪೆಯನ್ನ ದಪ್ಪವಾಗೇ ಹೆರೆದು ಹಾಕಿ, ಇಲ್ಲಿ ಜಿಪುಣತನ ಮಾಡಬೇಡಿ, ಉಳಿದ ತಿಳಿ ಗಟ್ಟಿಯನ್ನ ಎರಡು ಮೂರು ಸಲ ನೀರಲ್ಲಿ ತೊಳೀರಿ. ಒಂದು ಚೂರು ಬಾಯಿಗಿಟ್ಟು ನೋಡಿ, ಕಹಿ ಅನ್ನಿಸಿದ್ರೆ ಮತ್ತೆ ತೊಳೀರಿ ಇಲ್ಲಾ ಎಸೀರಿ. ಇಷ್ಟು ಮಾಡಿದ್ರೂ ಒಂಚೂರು ಹಳದಿ ಉಳಿಯುತ್ತೆ, ಹಂಗಾಗಿ ದಿನಾ ಅಲ್ಲ, ಗ್ಲಾಸಲ್ಲಿ ಅಲ್ಲ. ಮತ್ತೆ ದಯವಿಟ್ಟು ಗಿಡ ಯಾವುದು ಅಂತ ಮೊದಲು ಖಾತ್ರಿ ಮಾಡ್ಕೊಳ್ಳಿ. ಕರ್ಜತ್ ಕಡೆ ಪಿಕ್ನಿಕ್ ಹೋದಾಗ ರಸ್ತೆ ಪಕ್ಕ ಸಿಗೋ ಕತ್ತಾಳೆ, ಇಲ್ಲಿಯವರು ಘಾಯಪಾತ ಅಂತಾರೆ, ಎಳೇದಿದ್ದಾಗ ನೋಡೋಕೆ ಹಂಗೇ ಇರುತ್ತೆ, ಆದ್ರೆ ಅದರ ರಸದಲ್ಲಿ ಸೂಜಿಯಂಥ ಹರಳುಗಳಿರ್ತವೆ, ಬಾಯಿ ಗಂಟಲು ಉರಿದು ಊದಿಕೊಳ್ಳುತ್ತೆ. 2017ರಲ್ಲಿ ಚೀನಾದ ಒಬ್ಬ ಹುಡುಗಿ ಲೈವ್ ವಿಡಿಯೋದಲ್ಲಿ ಲೋಳೆಸರ ಅಂದ್ಕೊಂಡು ಇದನ್ನೇ ಕಚ್ಚಿ ತಿಂದು ಆಸ್ಪತ್ರೆ ಸೇರಿದ್ದು ಸುದ್ದಿಯಾಗಿತ್ತು. ಕತ್ತಾಳೆ ಮುರಿದ್ರೆ ನಾರು ಎಳೆ ಎಳೆಯಾಗಿ ಬರುತ್ತೆ, ಲೋಳೆಸರದಲ್ಲಿ ಲೋಳೆಯೇ ಬರುತ್ತೆ, ಊರಲ್ಲಿ ಹುಟ್ಟಿ ಬೆಳೆದೋರಿಗೆ ಇದು ಹೇಳಬೇಕಾಗಿಲ್ಲ, ಇಲ್ಲೇ ಹುಟ್ಟಿದ ಮಕ್ಕಳಿಗೆ ಹೇಳಬೇಕು.

ಬಾಟ್ಲಿ ಕೊಳ್ಳೋರು ಲೇಬಲ್ ಓದಿ ಅಂತ ನಾನು ದಿನಾ ಹೇಳ್ತೀನಿ, ಯಾರೂ ಓದಲ್ಲ, ಮುಂದಿನ ಹಸಿರು ಚಿತ್ರ ನೋಡಿ ಎತ್ಕೊಂಡು ಹೋಗ್ತಾರೆ. ಒಳ ತಿರುಳು ಅಂತ ಬರೆದಿದೆಯಾ, ಇಡೀ ಎಲೆ ಅಂತ ಬರೆದಿದೆಯಾ, ಇಡೀ ಎಲೆ ಆದ್ರೆ ಅಲೋಯಿನ್ ತೆಗೆದಿದ್ದೀವಿ ಅಂತ ಇದೆಯಾ, ಇದ್ದಿಲಲ್ಲಿ ಸೋಸಿ ಅದನ್ನ ತೆಗೀತಾರೆ. ಅಂತರರಾಷ್ಟ್ರೀಯ ಲೋಳೆಸರ ಉದ್ಯಮದವರ ಮಂಡಳಿಯೇ ಕುಡಿಯೋ ಪದಾರ್ಥದಲ್ಲಿ ಅಲೋಯಿನ್ 10 ಪಿಪಿಎಂಗಿಂತ ಹೆಚ್ಚಿರಬಾರದು ಅಂತ ಮಿತಿ ಹಾಕ್ಕೊಂಡಿದೆ, ಅಂದ್ರೆ ಹತ್ತು ಲಕ್ಷ ಭಾಗದಲ್ಲಿ ಹತ್ತು ಭಾಗ. ಮಾರೋರೇ ಅಷ್ಟು ಹೆದರಿರುವಾಗ ಕುಡಿಯೋರು ಇಷ್ಟು ಧೈರ್ಯ ತೋರಿಸೋದು ನನಗೆ ಅರ್ಥ ಆಗಿಲ್ಲ. ನಮ್ಮ ದೇಶದ ಬಾಟ್ಲಿಗಳ ಮೇಲೆ ಈ ಅಂಕಿಯನ್ನ ದೊಡ್ಡದಾಗಿ ಹಾಕಿಸೋದು ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐಗೆ ಕಷ್ಟದ ಕೆಲಸ ಏನಲ್ಲ, ಹಣ್ಣಿನ ರಸದ ಡಬ್ಬಿ ಮೇಲೆ "ನೂರಕ್ಕೆ ನೂರು ಹಣ್ಣಿನ ರಸ" ಅಂತ ಬರೆಯೋದನ್ನ 2024ರಲ್ಲಿ ತೆಗೀರಿ ಅಂದವರು ಇದನ್ನೂ ಹೇಳಬಹುದು.

ಇಷ್ಟೆಲ್ಲಾ ಹೇಳಿ, ಮುಂಬಯಿಯಲ್ಲಿ ನಮ್ಮವರ ಹೊಟ್ಟೆ ಯಾಕೆ ಕೆಡುತ್ತೆ ಅನ್ನೋದನ್ನ ಬಿಟ್ರೆ ಪತ್ರ ಅರ್ಧ ಆಗುತ್ತೆ. ನನ್ನ ಗಿರಾಕಿಗಳಲ್ಲಿ ಹೋಟೆಲಿನವರು ಬಹಳ, ಉಡುಪಿ ಕುಂದಾಪುರ ಕಡೆಯಿಂದ ಬಂದು ಮೂವತ್ತು ನಲವತ್ತು ವರ್ಷ ಗಲ್ಲಾದಲ್ಲಿ ಕೂತೋರು, ಭಟ್ಟಿಯಲ್ಲಿ ನಿಂತೋರು. ಊರಿಗೆಲ್ಲಾ ಹೊತ್ತಿಗೆ ಸರಿಯಾಗಿ ಊಟ ಹಾಕೋ ಇವರು ತಾವು ಉಣ್ಣೋದು ಮಧ್ಯಾಹ್ನ ನಾಲ್ಕಕ್ಕೆ, ರಾತ್ರಿ ಶಟರ್ ಎಳೆದು ಲೆಕ್ಕ ಮುಗಿಸಿ ಹನ್ನೆರಡಕ್ಕೆ, ನಡುವೆ ಕಟಿಂಗ್ ಚಹಾ ಎಷ್ಟು ಅಂತ ಲೆಕ್ಕ ಇಲ್ಲ, ಉಂಡ ತಟ್ಟೆ ತೊಳೆದ ಕೂಡಲೇ ಅಲ್ಲೇ ಮಾಳಿಗೆ ಮೇಲೆ ಅಡ್ಡಾಗ್ತಾರೆ. ಹೊಟ್ಟೆ ತುಂಬಿ ಮಲಗಿದ್ರೆ ಆಸಿಡ್ ಮೇಲೆ ಬರದೆ ಇನ್ನೆಲ್ಲಿ ಹೋಗುತ್ತೆ? ಊಟಕ್ಕೂ ಮಲಗೋದಕ್ಕೂ ಎರಡು ಮೂರು ಗಂಟೆ ಅಂತರ, ತಲೆ ಕಡೆಯ ಮಂಚದ ಕಾಲಿಗೆ ಒಂದೊಂದು ಇಟ್ಟಿಗೆ, ಇದು ಯಾವ ಜ್ಯೂಸಿಗಿಂತಲೂ ಹೆಚ್ಚು ಕೆಲಸ ಮಾಡುತ್ತೆ. ಹೇಳಿದ್ರೆ ನಗ್ತಾರೆ, "ಹೋಟೆಲು ಮುಚ್ಚಿ ಅಂತ ಹೇಳಿ ಮಾರಾಯ್ರೇ" ಅಂತಾರೆ. ಅವರು ಹೇಳೋದೂ ಸುಳ್ಳಲ್ಲ.

ಇನ್ನು ಲೋಕಲ್ ಟ್ರೈನಿನ ಜನ. ಬೆಳಿಗ್ಗೆ ಚಹಾ ಕುಡಿದ ಮೇಲೆ ಕರುಳಿಗೆ ಒಂದು ಕರೆ ಬರುತ್ತೆ, ಅದು ದೇಹದ ನಿಯಮ, ಹೊಟ್ಟೆಗೆ ಏನಾದ್ರೂ ಬಿದ್ದ ಕೂಡಲೇ ದೊಡ್ಡ ಕರುಳು ಅಲುಗಾಡುತ್ತೆ. ಆ ಹೊತ್ತಿಗೆ ನಾವು ಡೊಂಬಿವಲಿ ಪ್ಲಾಟ್‌ಫಾರಂ ಮೇಲೆ ಸಿಎಸ್‌ಎಂಟಿ ಫಾಸ್ಟಿಗೆ ಕಾಯ್ತಾ ನಿಂತಿರ್ತೀವಿ. ಕರೆ ತಳ್ಳಿ ತಳ್ಳಿ ಅದು ಬರೋದೇ ನಿಲ್ಲುತ್ತೆ. ಹೆಂಗಸರದ್ದು ಇನ್ನೂ ಕಷ್ಟ, ದಾರೀಲಿ, ಆಫೀಸಿನ ಹತ್ರ ಸರಿಯಾದ ಟಾಯ್ಲೆಟ್ ಇಲ್ಲ ಅಂತ ಮನೆಯಿಂದ ಹೊರಡುವಾಗಲೇ ನೀರು ಕುಡಿಯೋದನ್ನ ಬಿಡ್ತಾರೆ, ಇದೇ ಊರಲ್ಲಿ ರೈಟ್ ಟು ಪೀ, ಅಂದ್ರೆ ಮೂತ್ರಕ್ಕೆ ಹೋಗೋ ಹಕ್ಕು, ಅಂತ ಹೆಂಗಸರು ಚಳವಳಿಯನ್ನೇ ಮಾಡಬೇಕಾಯ್ತು. ನೀರಿಲ್ಲದ ಕರುಳಲ್ಲಿ ಮಲ ಒಣಗದೆ ಏನಾಗುತ್ತೆ. ಇವರು ಬಂದು ಸಂಜೆ ನನ್ನ ಹತ್ರ ಲೋಳೆಸರ ಕೇಳ್ತಾರೆ. ನಾನು ಇಸಬ್ಗೋಲ್ ಕೊಡ್ತೀನಿ, ಗುಜರಾತಿನ ಉಂಝಾ ಮಾರ್ಕೆಟ್ಟಿಂದ ಬರೋ ಹೊಟ್ಟು, ಇದರಲ್ಲಿ ಕರುಳನ್ನ ಕೆರಳಿಸೋದು ಏನೂ ಇಲ್ಲ, ನೀರು ಹಿಡ್ಕೊಂಡು ಉಬ್ಬುತ್ತೆ ಅಷ್ಟೇ, ದೊಡ್ಡ ಗ್ಲಾಸ್ ನೀರಲ್ಲಿ ಕಲಸಿ ತಕ್ಷಣ ಕುಡೀಬೇಕು, ಮೇಲೆ ಇನ್ನೊಂದು ಗ್ಲಾಸ್ ನೀರು. ಲೋಳೆಸರಕ್ಕಿಂತ ಮಾರ್ಜಿನ್ ಕಮ್ಮಿ, ಇರಲಿ. ಇದರ ಜೊತೆ ಚೂರ್ಣ ಕೇಳೋರಿಗೆ ಒಂದು ಮಾತು, ಬಹಳಷ್ಟು "ಹೊಟ್ಟೆ ಸಾಫ್" ಚೂರ್ಣಗಳಲ್ಲಿ ಸೋನಾಮುಖಿ ಇದ್ದೇ ಇರುತ್ತೆ, ಅದರ ಮೇಲೆ ಹಳದಿ ರಸವೂ ಸೇರಿದ್ರೆ ಒಂದೇ ಮದ್ದನ್ನ ಡಬಲ್ ತಗೊಂಡಂಗೆ. ವರ್ಷಗಟ್ಟಲೆ ಇಂಥದ್ದು ತಗೊಂಡೋರ ಕರುಳಿನ ಒಳಗೋಡೆ ಕಪ್ಪಾಗಿರೋದು ಕೊಲೊನೊಸ್ಕೋಪಿಯಲ್ಲಿ ಕಾಣುತ್ತೆ, ಅದಕ್ಕೆ ಮೆಲನೋಸಿಸ್ ಅಂತ ಹೆಸರೂ ಇದೆ. ನಿಲ್ಲಿಸಿದ್ರೆ ನಿಧಾನಕ್ಕೆ ತಿಳಿಯಾಗುತ್ತೆ.

ಮನೆಮದ್ದಿನ ಪುಟದಲ್ಲಿ ಯಾವತ್ತೂ ಬರದ ಇನ್ನೊಂದು ವಿಷಯ, ಯಾವಾಗ ಮನೆಮದ್ದು ನಿಲ್ಲಿಸಿ ಡಾಕ್ಟರ ಹತ್ರ ಓಡಬೇಕು ಅನ್ನೋದು. ಮಲದಲ್ಲಿ ರಕ್ತ, ಡಾಂಬರಿನ ಬಣ್ಣದ ಮಲ, ಕಾರಣ ಇಲ್ಲದೆ ತೂಕ ಇಳಿಯೋದು, ನುಂಗೋಕೆ ಕಷ್ಟ, ಐವತ್ತರ ಆಸುಪಾಸಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ, ರಾತ್ರಿ ನಿದ್ದೆಯಿಂದ ಎಬ್ಬಿಸೋ ಹೊಟ್ಟೆನೋವು. ಮೂಲವ್ಯಾಧಿ ಇರಬೇಕು ಅಂತ ತಾವೇ ತೀರ್ಮಾನ ಮಾಡಿ ಲೋಳೆಸರ ಕುಡೀತಾ ಆರು ತಿಂಗಳು ಕಳೆಯೋರನ್ನ ನಾನು ನೋಡ್ತಾನೇ ಇರ್ತೀನಿ. ಹೊಟ್ಟೆನೋವು ಇದ್ದಾಗ, ವಾಂತಿ ಇದ್ದಾಗ, ಅಪೆಂಡಿಕ್ಸೋ ಕರುಳು ಕಟ್ಟಿದ್ದೋ ಗೊತ್ತಿಲ್ಲದೆ ಭೇದಿ ಮದ್ದು ಕುಡಿಯೋದಂತೂ ಪ್ರಾಣಕ್ಕೆ ಕುತ್ತು. ಕೆಇಎಂ, ಸಯಾನ್ ಥರದ ಮುಂಬಯಿ ಮಹಾನಗರಪಾಲಿಕೆ ಆಸ್ಪತ್ರೆಗಳ ಕ್ಯೂ ಉದ್ದ ಅನ್ನೋದು ನಿಜ, ಆದ್ರೂ ಈ ಲಕ್ಷಣಗಳಿಗೆ ಆ ಕ್ಯೂನಲ್ಲಿ ನಿಲ್ಲೋದೇ ಸರಿ.

ನನ್ನ ಬೇಡಿಕೆ ದೊಡ್ಡದೇನಲ್ಲ. ಮನೆಮದ್ದಿನ ಮೂಲೆ ನಿಲ್ಲಿಸಿ ಅಂತ ನಾನು ಹೇಳಲ್ಲ, ನನ್ನ ಹೆಂಡತಿಯೇ ಪೇಪರ್ ಬಂದ್ರೆ ಮೊದಲು ಅದನ್ನೇ ಓದೋದು. ಲೋಳೆಸರದ ಆ ಟಿಪ್ಪಣಿಗೆ ಅದೇ ಜಾಗದಲ್ಲಿ, ಅದೇ ಅಕ್ಷರದ ಸೈಜಲ್ಲಿ, ಹಳದಿ ರಸ ತೆಗೆಯಬೇಕು, ಬಸುರಿಯರು ಮತ್ತೆ ನೀರಿನ ಮಾತ್ರೆ, ಹೃದಯದ ಮಾತ್ರೆ, ಸಕ್ಕರೆ ಮಾತ್ರೆ ತಗೊಳ್ಳೋರು ಕೇಳದೆ ಕುಡೀಬಾರದು ಅಂತ ಒಂದು ಸೇರ್ಪಡೆ ಹಾಕಿ. ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಅಂತ ಸಣ್ಣಕ್ಕೆ ಹಾಕಿದ್ರೆ ಯಾರೂ ನೋಡಲ್ಲ. ಮುಂದೆ ಇಂಥದ್ದು ಬರುವಾಗ ಎಷ್ಟು ಚಮಚ, ಎಷ್ಟು ದಿನ, ಯಾರಿಗೆ ಬೇಡ, ಈ ಮೂರು ಇಲ್ಲದೆ ಅಚ್ಚಿಗೆ ಕಳಿಸಬೇಡಿ.

ಹಾಗೇ ನಮ್ಮ ಕನ್ನಡ ಸಂಘಗಳು ಮಾಡೋ ಉಚಿತ ಆರೋಗ್ಯ ತಪಾಸಣೆ ಶಿಬಿರದವರು ಈ ಪತ್ರ ಓದ್ತಿದ್ರೆ, ಬಿಪಿ ಶುಗರ್ ನೋಡೋ ಮೊದಲು ತುಂಬಿಸೋ ಫಾರಂನಲ್ಲಿ "ಯಾವ ಮಾತ್ರೆ ತಗೋತೀರಿ" ಅನ್ನೋ ಗೆರೆಯ ಕೆಳಗೆ "ಬೆಳಿಗ್ಗೆ ಎದ್ದು ಏನು ಕುಡೀತೀರಿ" ಅಂತ ಇನ್ನೊಂದು ಗೆರೆ ಸೇರಿಸಿ. ಹಿರಿಯರು ಮಾತ್ರೆ ಕೇಳಿದ್ರೆ ಮಾತ್ರೆ ಮಾತ್ರ ಹೇಳ್ತಾರೆ.

ಇತಿ ನಿಮ್ಮ ಓದುಗ,
ಒಬ್ಬ ಮೆಡಿಕಲ್ ಅಂಗಡಿಯವ, ಡೊಂಬಿವಲಿ ಪೂರ್ವ